ನೋವು ನಿಯಂತ್ರಣ ಯೋಜನೆ, ಗರುಡಾಚಾರ್‌ಪಾಳ್ಯ ಘಟಕ

ಈ ಲೋಕದಲ್ಲಿ ಅಳತೆಯಿಲ್ಲದೆ ಮಾತಾಡುವವರೇ ಹೆಚ್ಚು ಎಂಬುದು ಭೀಮಾಶಂಕರನ ಬಹುದಿನದ ದೂರು. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಅವನು ಹದಿನೇಳು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಗಾಡಿಗಳ ಗೇರಿನೊಳಗೆ ಹೋಗುವ ಉಕ್ಕಿನ ಬಳೆಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಹೆಂಡತಿ ಕಾವೇರಿ ಊಟಕ್ಕೆ ಕೂತು, "ಸಾರಿಗಿ ಉಪ್ಪು ಜರಾ ಕಮ್ಮಿ ಆಗ್ಯಾದ" ಎಂದರೆ, "ಜರಾ ಅಂದ್ರ ಎಷ್ಟು?" ಎಂದು ಕೇಳುವ ಗಂಡ ಅವನು. ಹತ್ತೊಂಬತ್ತು ವರ್ಷದಲ್ಲಿ ಕಾವೇರಿ ಈ ಪ್ರಶ್ನೆಗೆ ಒಮ್ಮೆಯೂ ಉತ್ತರ ಕೊಟ್ಟಿಲ್ಲ, ಅವನೂ ಕೇಳುವುದನ್ನು ಬಿಟ್ಟಿಲ್ಲ.

ಹೀಗಿರುವಾಗ ಕಾವೇರಿಗೆ ಗರ್ಭಕೋಶದಲ್ಲಿ ಗಡ್ಡೆಗಳಾಗಿ, ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. ಎರಡೂವರೆ ಗಂಟೆ ಆಪರೇಷನ್ ನಡೆಯಿತು. ಅಷ್ಟು ಹೊತ್ತೂ ಭೀಮಾಶಂಕರ ಅವಳ ಚಪ್ಪಲಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದ. ತಾನು ಇಷ್ಟು ಕೆಲಸಕ್ಕೆ ಬಾರದವನೆಂದು ಅವನಿಗೆ ಜೀವಮಾನದಲ್ಲಿ ಅನ್ನಿಸಿರಲಿಲ್ಲ. ಹೆದರಿದ್ದ, ಅಷ್ಟೇ. (ಇದನ್ನು ಅವನು ಯಾರ ಹತ್ತಿರವೂ ಹೇಳಿಲ್ಲ, ನೀವೂ ಹೇಳಬೇಡಿ.)

ಮರುದಿನ ಮಂಚದ ಪಕ್ಕ ನಿಂತು, "ನೋವು ಎಷ್ಟದ?" ಎಂದು ಕೇಳಿದ.

"ಭಾಳ ಅದ."

"ಭಾಳ ಅಂದ್ರ ಎಷ್ಟು?"

ಕಾವೇರಿ ಕಣ್ಣು ಮುಚ್ಚಿಕೊಂಡಳು. ಆಗ ಬಂದವಳು ನರ್ಸ್ ನೌರೀನ್. "ಕಾವೇರಿಯವ್ರೇ, ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗದಷ್ಟು ನೋವು. ನಿಮ್ದು ಈಗ ಎಷ್ಟು ನಂಬರ್?" ಎಂದು ಕೇಳಿದಳು. ಕಾವೇರಿ ಕಣ್ಣು ತೆರೆಯದೆ, "ಆರು ಇರ್ಬೇಕ್ರಿ" ಎಂದಳು. ಭೀಮಾಶಂಕರನಿಗೆ ರೋಮಾಂಚನವಾಯಿತು. ನೋವಿಗೂ ಅಳತೆಯಿದೆ! ಅಳತೆಯಿದೆ ಎಂದ ಮೇಲೆ ಅದನ್ನು ಇಳಿಸುವುದು ಎಷ್ಟರ ಮಾತು?

ಅದೇ ಹುರುಪಿನಲ್ಲಿ ಅವನು ಒಂದು ಸವಾಲು ಹಾಕಿಬಿಟ್ಟ. ಕಾವೇರಿಗೆ ಆರೈಕೆಗೆಂದು ಯಾದಗಿರಿ ಕಡೆಯಿಂದ ತನ್ನ ಅವ್ವ ಪೀರಮ್ಮ ಬರಲಿ ಎಂದಿತ್ತು. ಪೀರಮ್ಮ ಆಗಲೇ ಚೀಲಕ್ಕೆ ಸೀರೆ ತುಂಬಿಕೊಂಡು ಫೋನಿನ ಪಕ್ಕ ಕೂತಿದ್ದರು. ಭೀಮಾಶಂಕರ ಒಪ್ಪಲಿಲ್ಲ. ಮಗಳು ಪ್ರಿಯದರ್ಶಿನಿ ಹುಟ್ಟಿದಾಗ ಬಾಣಂತನವೆಂದು ಐದು ತಿಂಗಳು ಹೆಂಡತಿಯನ್ನು ತವರಿನಲ್ಲಿ ಇಟ್ಟುಕೊಂಡು, ಇವನು ಹೋದಾಗಲೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, "ಗಂಡಸರಿಗಿ ಇದೆಲ್ಲ ತಿಳ್ಯಂಗಿಲ್ರಿ" ಎಂದು ಚಹಾ ಕುಡಿಸಿ ಕಳಿಸಿದ್ದ ಅತ್ತೆ ಅವರು. (ಆ ಮಗಳು ಈಗ ಮೈಸೂರಿನ ಹಾಸ್ಟೆಲಿನಲ್ಲಿ ಕೂತು ಡಿಗ್ರಿ ಮೊದಲ ವರ್ಷದ ಪರೀಕ್ಷೆ ಬರೆಯುತ್ತಿದ್ದಾಳೆ. ಸಿಟ್ಟಿನ ವಯಸ್ಸನ್ನು ನೀವೇ ಲೆಕ್ಕ ಹಾಕಿಕೊಳ್ಳಿ.)

"ನಿಮ್ಮವ್ವ ಬ್ಯಾಡ. ನಾ ನೋಡ್ಕೊಂತೀನಿ. ಮುಂದಿನ ಚೆಕಪ್ ದಿನಕ್ಕ ನಿನ್ನ ನೋವು ಮೂರಕ್ಕಿಂತ ಕೆಳಗ ತರ್ತೀನಿ. ತರದಿದ್ರ ನಾನೇ ಫೋನ್ ಹಚ್ಚಿ ಕರಸ್ತೀನಿ" ಎಂದ.

"ಮಾತು ಮಾತೇನ್ರಿ?" ಎಂದು ಕಾವೇರಿ ಕೇಳಿದಳು.

"ಮಾತು ಮಾತೇ."

ಶನಿವಾರ ಡಿಸ್ಚಾರ್ಜ್. ನೌರೀನ್ ಇಬ್ಬರನ್ನೂ ಕೂರಿಸಿಕೊಂಡು ಮನೆಯಲ್ಲಿ ಹೇಗಿರಬೇಕೆಂದು ಹೇಳಿದಳು. ಕೆಮ್ಮುವಾಗ, ಸೀನುವಾಗ, ನಗುವಾಗ ಹೊಟ್ಟೆಯ ಮೇಲೊಂದು ದಿಂಬು ಒತ್ತಿ ಹಿಡಿಯಬೇಕು. ಏಳುವಾಗ ಸೀದಾ ಏಳಬಾರದು, ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ಮಲಗಿದಾಗ ಮಂಡಿಯ ಕೆಳಗೊಂದು ದಿಂಬಿದ್ದರೆ ಹೊಟ್ಟೆ ಸಡಿಲವಾಗುತ್ತದೆ. ಆಗಾಗ ನಿಧಾನವಾಗಿ ಉದ್ದುದ್ದ ಉಸಿರು, ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ನಡಿಗೆ. ಸೊಂಟ ಹಿಡಿದರೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಆದರೆ ಹೊಲಿಗೆಯ ಮೇಲೆ ಮಾತ್ರ ಬೇಡ. ಕಾಲು ಹಗುರಾಗಿ ನೀವಬಹುದು. ಇಷ್ಟದ ಹಾಡು ಕೇಳಲಿ, ಇಷ್ಟದವರ ಜೊತೆ ಮಾತಾಡಲಿ, ಮನಸ್ಸು ಬೇರೆ ಕಡೆ ಹೋದರೆ ನೋವು ಕಮ್ಮಿ ಗೊತ್ತಾಗುತ್ತದೆ.

"ಅಂದ್ರ ಗುಳಿಗಿ ಬಂದ್ ಮಾಡ್ಬಹುದಲ್ರೀ ಸಿಸ್ಟರ್?" ಭೀಮಾಶಂಕರ ಉತ್ಸಾಹದಿಂದ ಕೇಳಿದ.

"ಯಾರು ಹೇಳಿದ್ರು ಸರ್ ಹಾಗಂತ? ಮಾತ್ರೆ ಟೈಮಿಗೆ ಸರಿಯಾಗಿ ಕೊಡಿ. ಇದೆಲ್ಲ ಅದರ ಜೊತೆಗೆ, ಅದರ ಬದಲಿಗಲ್ಲ. ಜ್ವರ ಬಂದ್ರೆ, ಹೊಲಿಗೆ ಕೆಂಪಾದ್ರೆ, ನೋವು ಒಂದೇ ಸಲ ಜಾಸ್ತಿ ಆದ್ರೆ ಸೀದಾ ಇಲ್ಲಿಗೆ ಬಂದ್ಬಿಡಿ. ಮತ್ತೆ ನೋವಿನ ನಂಬರು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬರ್ದಿಟ್ಕೊಳ್ಳಿ. ಡಾಕ್ಟರ್‌ಗೆ ತೋರಿಸೋಣ."

ದಿನಕ್ಕೆ ಎರಡೇ ಸಲ! ಎರಡು ಸ್ಯಾಂಪಲ್ ನೋಡಿ ಯಾವ ಮಾಲು ಪಾಸು ಮಾಡಲು ಬರುತ್ತದೆ? ಭೀಮಾಶಂಕರ ಮನಸ್ಸಿನಲ್ಲೇ ಅದನ್ನು ಹದಿನಾಲ್ಕಕ್ಕೆ ಏರಿಸಿದ.

ಕೆಳಗಿನ ಮನೆಯ ಅಹ್ಮದ್ ಪಾಷಾ ತನ್ನ ಆಟೋದಲ್ಲಿ ಅವರನ್ನು ಕರೆದುಕೊಂಡು ಬಂದ. ಹಲಸೂರು, ಇಂದಿರಾನಗರ ದಾಟಿ ಮನೆ ಮುಟ್ಟುವುದರಲ್ಲಿ ಭೀಮಾಶಂಕರ ಮೂವತ್ತೇಳು ಹಂಪು, ಅರವತ್ತೆರಡು ಗುಂಡಿ ಎಣಿಸಿ, ಪ್ರತಿಯೊಂದಕ್ಕೂ ಮೊದಲೇ "ದಿಂಬು!" ಎಂದು ಕೂಗಿದ. ಹಂಪಿನಲ್ಲಿ ಕಾವೇರಿಗೆ ಅಷ್ಟು ನೋವಾಗಲಿಲ್ಲ, ಕೂಗಿಗೆ ಬೆಚ್ಚಿ ಬಿದ್ದಾಗ ಆಯಿತು.

ಮರುದಿನ ಬೆಳಗಾಗುವಷ್ಟರಲ್ಲಿ ಮನೆಯ ಕಬ್ಬಿಣದ ಬೀರುವಿನ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಕೊಂಡಿತ್ತು. ಸಮಯ, ಕ್ರಿಯೆ, ನೋವು, ಕಾರಣ, ಸಹಿ ಎಂದು ಐದು ಕಾಲಂ. ಪಕ್ಕದಲ್ಲಿ ಗ್ರಾಫು. ಗ್ರಾಫಿನಲ್ಲಿ ಮೂರರ ಹತ್ತಿರ ಉದ್ದಕ್ಕೆ ಕೆಂಪು ಗೆರೆ. ಅದರ ಕೆಳಗೆ ಬಂದರೆ ಗಂಡನ ಗೆಲುವು, ಮೇಲಿದ್ದರೆ ಅತ್ತೆಯ ಆಗಮನ. ಭೀಮಾಶಂಕರ ಫೋನಿನ ಸ್ಟಾಪ್‌ವಾಚು ಹಿಡಿದು ಮಂಚದ ತುದಿಯಲ್ಲಿ ನಿಂತ. ಅವನಿಗೆ ಕಂಪನಿ ಒಂದು ವಾರ ರಜೆ ಕೊಟ್ಟಿತ್ತು.

"ಹೊರಳು. ಹಾಂ. ಕಾಲು ಇಳಸು. ಎಡಗಾಲು ತಡಾ ಆಯ್ತು. ಕೈ ಊರು. ಮತ್ತೊಮ್ಮೆ ಮಲಕೋ, ಮೊದಲಿಂದ ಮಾಡಮು."

"ರೀ, ನಾ ಬಚ್ಚಲಕ್ಕ ಹೊಂಟೀನಿ, ಪರೇಡಿಗಲ್ಲ."

ಬಂದ ಮೇಲೆ ಉಸಿರಾಟ. ಅವಳಿಗೆ ತೋರಿಸಿಕೊಡಲೆಂದು ಇವನು ತಾನೇ ಎದುರು ನಿಂತು ಎದೆ ಸೆಟೆಸಿ ಉಸಿರೆಳೆದ, ಹಿಡಿದ, ಬಿಟ್ಟ. ಎಂಟನೆಯ ಸಲಕ್ಕೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡು ನೆಲದ ಮೇಲೆ ಕುಕ್ಕರಿಸಿದ. ಕೂತಲ್ಲಿಂದಲೇ, "ಹಿಂಗ ಮಾಡ್ಬೇಕು" ಎಂದ. ತಲೆಯೆತ್ತಿ ನೋಡಿದರೆ ಕಾವೇರಿ ತುಟಿ ಬಿಗಿದುಕೊಂಡಿದ್ದಾಳೆ, ಕಣ್ಣಿನಲ್ಲಿ ನೀರು ತುಂಬಿದೆ, ಮೈ ನಡುಗುತ್ತಿದೆ.

"ಎಷ್ಟು?" ಅವನು ಗಾಬರಿಯಿಂದ ಕೇಳಿದ.

"ಏಳು" ಎಂದಳು ಹಲ್ಲು ಕಚ್ಚಿಕೊಂಡು.

ಹಾಳೆಯಲ್ಲಿ ಬರೆದ: ಬೆಳಿಗ್ಗೆ ಎಂಟು, ಉಸಿರಾಟ, ಏಳು. ಕಾರಣ: ಗೊತ್ತಿಲ್ಲ. ಕಣ್ಣಲ್ಲಿ ನೀರು.

ಮಧ್ಯಾಹ್ನ ಕಾಲು ನೀವುವ ಕಾರ್ಯಕ್ರಮ. ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಬೆಳಕಿಗೆ ಹಿಡಿದು ತಿಕ್ಕುತ್ತಾ ಹೋದವನು ಎಡಗಾಲಿನ ಕಿರುಬೆರಳ ಹತ್ತಿರ ನಿಂತ. ಬಲಗಾಲಿನದಕ್ಕೆ ಹೋಲಿಸಿದ. ಎದ್ದು ಹೋಗಿ ಚೀಲದಿಂದ ಅಳತೆಪಟ್ಟಿ ತಂದ. "ಕಾವೇರಿ, ಹತ್ತೊಂಬತ್ತು ವರ್ಷ ಆಯ್ತು, ನೀ ನಂಗ ಹೇಳೇ ಇಲ್ಲಲ್ಲ. ಎಡಗಡೀದು ಎರಡು ಎಂಎಂ ಕಮ್ಮಿ ಅದ" ಎಂದ, ಮೋಸಹೋದವನ ದನಿಯಲ್ಲಿ. ಕಾವೇರಿ ಗೋಡೆಯ ಕಡೆ ಮುಖ ತಿರುಗಿಸಿದಳು. ಭುಜ ಕುಲುಕುತ್ತಿತ್ತು. ಕೇಳಿದ್ದಕ್ಕೆ ಏಳು ಬೆರಳು ತೋರಿಸಿದಳು.

ಸಂಜೆ ಸಂಗೀತ. ಯಾವ ಹಾಡು ಬೇಕೆಂದು ಅವಳನ್ನು ಕೇಳುವ ಬದಲು ಅವನು ಫೋನಿನಲ್ಲಿ ಹುಡುಕಿ, ನೋವು ನಿವಾರಣೆಗೆಂದೇ ಯಾರೋ ಊದಿದ್ದ ಒಂದು ಗಂಟೆಯ ಕೊಳಲನ್ನು ಹಚ್ಚಿದ. ಕಿಟಕಿ ಪರದೆ ಎಳೆದ. ದೀಪ ಆರಿಸಿದ. ಕಾವೇರಿಗೆ ಇನ್ನೇನು ಕಣ್ಣು ಹತ್ತಬೇಕು, ಕೊಳಲು ತಟ್ಟನೆ ನಿಂತು, "ನಿಮ್ಮ ಬೋರ್‌ವೆಲ್ ಒಣಗಿದೆಯೇ?" ಎಂದು ಒಬ್ಬ ಗಂಡಸು ಅಬ್ಬರಿಸಿದ. ಜಾಹೀರಾತು ನಿಲ್ಲಿಸಲು ಕತ್ತಲಲ್ಲಿ ಓಡಿದ ಭೀಮಾಶಂಕರ ಮಂಚದ ಕಾಲಿಗೆ ಎಡವಿ, ಬಿಸಿನೀರಿನ ಚೀಲದ ಮೇಲೆ ಕೂತು, ಕೂತಷ್ಟೇ ಬೇಗ ಎದ್ದ. ಕಾವೇರಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಎಂಟು.

ಹೀಗೆ ನಾಲ್ಕು ದಿನ. ಗ್ರಾಫು ಕೆಂಪು ಗೆರೆಯ ಮೇಲೆ ಬೆಟ್ಟಗುಡ್ಡದಂತೆ ನಿಂತುಬಿಟ್ಟಿತು. ಮಾತ್ರೆ ತಪ್ಪಿಲ್ಲ, ಜ್ವರವಿಲ್ಲ, ಹೊಲಿಗೆ ಒಣಗುತ್ತಿದೆ. ಹೇಳಿದ್ದನ್ನೆಲ್ಲ ಹೇಳಿದ್ದಕ್ಕಿಂತ ಏಳು ಪಾಲು ಹೆಚ್ಚು ಮಾಡುತ್ತಿದ್ದಾನೆ. ಆದರೂ ಅವನು ಹತ್ತಿರ ಹೋದರೆ ಸಾಕು, ಅವಳ ಮುಖ ಬಿಗಿಯಾಗುತ್ತದೆ. ಬುಧವಾರ ಭೀಮಾಶಂಕರ ಅಡುಗೆಮನೆಯಲ್ಲಿ ಗಂಜಿ ತಿರುವುತ್ತಾ ಒಬ್ಬನೇ ಅತ್ತ. ಅತ್ತೆ ಬರುತ್ತಾರೆಂಬ ಸಂಕಟ ಅದರಲ್ಲಿ ಸ್ವಲ್ಪವೇ ಇತ್ತು. ಅವಳು ಅಷ್ಟು ನೋಯುತ್ತಿದ್ದಾಳಲ್ಲ, ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲವಲ್ಲ ಎಂಬುದೇ ಹೆಚ್ಚು.

ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು. ಗಿರಾಕಿ ಕಂಪನಿಯವರು ತಪಾಸಣೆಗೆ ಬರುತ್ತಾರೆ, ಗುರುವಾರ, ಶುಕ್ರವಾರ ಎರಡು ದಿನ ನೀನು ಇರಲೇಬೇಕು ಎಂದರು. ಬೇರೆ ದಾರಿಯಿಲ್ಲದೆ ಅವನು ಪಾಷಾನ ಹೆಂಡತಿ ಆಬಿದಾಳನ್ನು ಮೇಲಕ್ಕೆ ಕರೆದು, ಮೂರು ಪುಟದ ಸೂಚನೆ ಕೈಗಿಟ್ಟ.

ಮನೆಯಲ್ಲೇ ಬ್ಲೌಸು ಹೊಲಿಯುವ ಆಬಿದಾ ಆ ಪುಟಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಭಯ್ಯಾ, ನಂಗೆ ಮೂರು ಮಕ್ಳು. ಕೊನೇದು ಹೊಟ್ಟೆ ಕುಯ್ದೇ ತೆಗ್ದಿದ್ದು. ನೀವು ಆರಾಮಾಗಿ ಹೋಗಿ" ಎಂದಳು.

"ಎರಡು ತಾಸಿಗೊಮ್ಮೆ ನಂಬರ್ ಬರೀರಿ."

"ಬರೀತೀನಿ, ಹೋಗಿ."

ಸಂಜೆ ನಾಲ್ಕೂವರೆಗೆ ಓಡೋಡಿ ಬಂದವನು ಹೆಂಡತಿಗಿಂತ ಮೊದಲು ಬೀರುವನ್ನು ನೋಡಿದ. ಒಂಬತ್ತಕ್ಕೆ ಐದು. ಹನ್ನೊಂದಕ್ಕೆ ಮೂರು. ಒಂದಕ್ಕೆ ಎರಡು. ಮೂರಕ್ಕೆ ಎರಡು! ಐದು ಗಂಟೆಗೆ ತಾನೇ ಕೇಳಿದ. ಐದು.

ಅಳೆಯುವವರು ಬದಲಾದರೆ ಅಳತೆ ಬದಲಾಗುತ್ತದೆ ಎಂಬುದು ಅವನ ವೃತ್ತಿಯ ಮೂಲಪಾಠ. ಆಬಿದಾ ಕಣ್ಣಂದಾಜಿನಲ್ಲಿ ಬರೆದಿರಬೇಕು ಎಂದು ಶುಕ್ರವಾರ ಪೆನ್ನನ್ನು ಕಾವೇರಿಯ ಕೈಗೇ ಕೊಟ್ಟು ಹೋದ. ಅಂದೂ ಎರಡು, ಎರಡು, ಒಂದು. ಶನಿವಾರ ಅವನು ಮನೆಯಲ್ಲೇ ಇದ್ದ: ಐದು, ಆರು, ಐದು.

ಭಾನುವಾರ ವಿಚಾರಣೆ ಶುರುವಾಯಿತು. ಕಾರ್ಖಾನೆಯಲ್ಲಿ ಮಾಲು ಕೆಟ್ಟರೆ, ಯಾಕೆ ಕೆಟ್ಟಿತು ಎಂದು ಕೇಳಿ, ಬಂದ ಉತ್ತರಕ್ಕೆ ಮತ್ತೆ ಯಾಕೆ ಎಂದು ಕೇಳಿ, ಹೀಗೆ ಐದು ಸಲ ಯಾಕೆ ಕೇಳಿದರೆ ಮೂಲಕಾರಣ ಸಿಕ್ಕೇ ಸಿಗುತ್ತದೆ ಎಂಬ ಪದ್ಧತಿಯಿದೆ. ಆಬಿದಾಳನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದ.

"ಎರಡು ದಿನ ನೀವು ಏನೇನ್ ಮಾಡಿದ್ರಿ?"

"ಏನೂ ಮಾಡಿಲ್ಲ ಭಯ್ಯಾ. ಟೈಮಿಗೆ ಮಾತ್ರೆ ಕೊಟ್ಟೆ. ದಿಂಬು ಕೊಟ್ಟೆ. ನಾಕ್ ಸಲ ಪ್ಯಾಸೇಜಲ್ಲಿ ನಡೆಸ್ದೆ. ಆಮೇಲೆ ಕೂತ್ಕೊಂಡು ಮಾತಾಡಿದ್ವಿ."

"ಯಾಕ ಮಾತಾಡಿದ್ರಿ?"

"ಬಾಯಿದೆ, ಮಾತಾಡಿದ್ವಿ."

"ಏನು ಮಾತಾಡಿದ್ರಿ?"

ಆಬಿದಾ ಕಾವೇರಿಯ ಮುಖ ನೋಡಿದಳು. ಕಾವೇರಿ ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡಿದಳು. "ಹಿಂಗೇ ಭಯ್ಯಾ, ಮನೆ ವಿಷ್ಯ" ಎಂದು ಹೇಳಿ ಆಬಿದಾ ಒಲೆ ಮೇಲೆ ಹಾಲಿಟ್ಟಿದ್ದೇನೆಂದು ಎದ್ದು ಹೋದಳು. ಇನ್ನೂ ನಾಲ್ಕು ಯಾಕೆ ಬಾಕಿಯಿದ್ದವು. ಉಳಿದ ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ ಭೀಮಾಶಂಕರ ಕೊನೆಗೆ, ಆ ಎರಡು ದಿನ ಆಬಿದಾ ಮಾಡಿಕೊಟ್ಟ ಶುಂಠಿ ಚಹಾವೇ ಮೂಲಕಾರಣ ಎಂದು ತೀರ್ಮಾನಿಸಿ, ಅಂಗಡಿಗೆ ಹೋಗಿ ಒಂದು ಕೆಜಿ ಶುಂಠಿ ತಂದ. ಭಾನುವಾರ ಆರು ಲೋಟ ಕುಡಿಸಿದ. ನೋವು ಆರು. (ಲೋಟಕ್ಕೊಂದರಂತೆ ಎಂದು ಕಾವೇರಿ ಆಮೇಲೆ ಹೇಳಿದಳು.)

ಸೋಮವಾರ ಚೆಕಪ್. ಅಹ್ಮದ್ ಪಾಷಾನ ಆಟೋದಲ್ಲೇ ಹೋದರು. ಹೆಂಡತಿಯನ್ನು ಹೆಂಗಸರ ಬೆಂಚಿನಲ್ಲಿ ಕೂರಿಸಿ, ಮಡಚಿದ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಭೀಮಾಶಂಕರ ಚೀಟಿಯ ಕ್ಯೂನಲ್ಲಿ ಒಂದು ಗಂಟೆ ನಿಂತ. ಸೋತ ಮುಖ ಮಾಡಿಕೊಂಡೇ ನಿಂತ. ಅತ್ತೆಗೆ ಫೋನಿನಲ್ಲಿ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂದು ಎರಡು ಮೂರು ರೀತಿ ಅಭ್ಯಾಸ ಮಾಡಿದ.

ಡಾಕ್ಟರು ಹೊಲಿಗೆ ನೋಡಿ, ಚೆನ್ನಾಗಿ ಕೂಡಿದೆ ಎಂದರು. ನೌರೀನ್ ಪೆನ್ನು ತೆಗೆದು, "ಈಗ ನೋವೆಷ್ಟು ಕಾವೇರಿಯವ್ರೇ?" ಎಂದಳು.

"ಎರಡು ಅದ್ರಿ."

ಭೀಮಾಶಂಕರ ತನ್ನ ಕಿವಿಯನ್ನೇ ನಂಬಲಿಲ್ಲ. ಎರಡು! ಆಸ್ಪತ್ರೆಯಲ್ಲಿ, ಅಧಿಕೃತವಾಗಿ, ನರ್ಸಿನ ಎದುರು, ಎರಡು! "ಬರಕೋರಿ ಸಿಸ್ಟರ್, ಬರಕೋರಿ" ಎಂದು ಹಾಳೆಯನ್ನು ಬಿಚ್ಚಿ ಮೇಜಿನ ತುಂಬ ಹರಡಿ, ಗೆದ್ದ ಪೈಲ್ವಾನನ ಹಾಗೆ ಹಿಂದೆ ಸರಿದು ನಿಂತ.

ನೌರೀನ್ ಹಾಳೆಯ ಮೇಲೆ ಬೆರಳಾಡಿಸುತ್ತಾ ಹೋದಳು. "ಇಷ್ಟು ನೀಟಾಗಿ ಯಾರೂ ತಂದಿಲ್ಲ ಸರ್. ಇಲ್ಲಿ ಗುರುವಾರ, ಶುಕ್ರವಾರ ಒಂದೇ ಸಲ ಇಳಿದಿದೆಯಲ್ಲ, ಆವಾಗ ನೀವೆಲ್ಲಿದ್ರಿ?"

"ಡ್ಯೂಟಿಗಿ ಹೋಗಿದ್ದೆ ರೀ."

"ಈ ಶನಿವಾರ, ಭಾನುವಾರ?"

"ಮನ್ಯಾಗೇ ಇದ್ದೆ. ಒಂದು ನಿಮಿಷ ಸುದ್ದಾ ಬಿಟ್ಟು ಹೋಗಿಲ್ಲ."

"ಇವತ್ತು ಬೆಳಿಗ್ಗೆಯಿಂದ?"

"ಕ್ಯೂದಾಗ ನಿಂತಿದ್ದೆ. ಈಕಿ ಅಲ್ಲಿ ಹೆಣ್ಮಕ್ಕಳ ಜೋಡಿ ಮಾತಾಡ್ಕೋತ…"

ಭೀಮಾಶಂಕರ ಹಾಳೆಯ ಮೇಲೆ ಬಗ್ಗಿದ. ಹದಿನೇಳು ವರ್ಷ ಗ್ರಾಫು ಓದಿದ ಕಣ್ಣು ಅದು. ಒಮ್ಮೆ ಹಾಳೆಯ ಉದ್ದಕ್ಕೂ ಹೋಗಿ, ವಾಪಸು ಬಂದು, ಮತ್ತೆ ಹೋಗಿ, ನೆಲಕ್ಕಿಳಿಯಿತು.

"ಕಾವೇರಿಯವ್ರೇ, ನಿಜ ಹೇಳಿ. ಏನಾಗತ್ತೆ?" ನೌರೀನ್ ಮೆಲ್ಲಗೆ ಕೇಳಿದಳು.

"ಏನ್ ಹೇಳ್ಲಿ ಸಿಸ್ಟರ್… ಇವ್ರು ಮಾಡೋದು ನೋಡಿದ್ರ ನಂಗ ನಗು ಬರ್ತದ್ರಿ. ಎದುರಿಗಿ ನಕ್ಕರ ಇವ್ರಿಗಿ ಬ್ಯಾಸರ ಆಗ್ತದ. ಪಾಪ, ಜೀವ ಬಿಟ್ಟು ಮಾಡ್ಲತ್ತಾರ. ಅದಕ್ಕ ಹಲ್ಲು ಕಚ್ಚಿ ತಡಕೊಂತೀನಿ. ತಡಕೊಂಡ್ರ ಹೊಲಿಗಿ ಜಗ್ಗಿ ಜೀವ ಹೋದಂಗ ಆಗ್ತದ. ಇವ್ರು ಹೋದ ಮ್ಯಾಲ ಆಬಿದಾಬಾಯಿ ಮುಂದ ಎಲ್ಲಾ ಹೇಳ್ಕೊಂಡು, ದಿಂಬು ಒತ್ತಿ ಹಿಡ್ದು ನಕ್ಕುಬಿಡ್ತೀನ್ರಿ. ನಕ್ಕ ಮ್ಯಾಲ ಮೈ ಹಗುರ ಆಗ್ತದ."

ಡಾಕ್ಟರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ನೌರೀನ್ ಮಾತ್ರ ಗಂಭೀರವಾಗಿ, "ದಿಂಬು ಹಿಡ್ಕೊಂಡು ನಗೋದೇ ಸರಿ. ತಡೆದು ಬಿಗಿ ಹಿಡಿದ್ರೆ ನೋವೇ ಜಾಸ್ತಿ. ಸರ್, ನೀವು ನಾಳೆಯಿಂದ ಡ್ಯೂಟಿಗೆ ಹೋಗ್ಬಿಡಿ" ಎಂದಳು.

"ಮನ್ಯಾಗ ಯಾರಿರ್ತಾರ್ರಿ? ಆಬಿದಾಬಾಯಿಗಿ ಹೊಲಿಗಿ ಕೆಲಸ ಅದ."

"ಇನ್ನೂ ಕೆಲವು ವಾರ ಇವ್ರು ಭಾರ ಎತ್ತೋ ಹಾಗಿಲ್ಲ. ಊರಿಂದ ಅಮ್ಮನೋ ಯಾರೋ ಬರೋ ಹಾಗಿದ್ರೆ ಕರೆಸಿ ಸರ್."

ಗೆದ್ದವನು ಭೀಮಾಶಂಕರನೇ. ನಂಬರು ಎರಡೇ. ಆದರೆ ಗೆದ್ದ ಕಾರಣಕ್ಕೇ ಸೋತವನ ಕೆಲಸ ಮಾಡಬೇಕಾಯಿತು. ಹಾಳೆ ಮಡಚಿಕೊಂಡು ಹೆಂಡತಿಯೊಂದಿಗೆ ಕಾರಿಡಾರಿಗೆ ಬಂದು, ಗಂಟಲು ಸರಿಮಾಡಿಕೊಂಡು ಫೋನು ಹಚ್ಚಿದ.

"ಅತ್ತೀ, ಶರಣ್ರಿ. ನೀವು ಒಂದು ಸ್ವಲ್ಪ ಬಂದು ಹೋದ್ರ…"

"ಬಂದೀನಲ್ರಿ ಅಳ್ಯಾರ!" ಎಂದಿತು ಪೀರಮ್ಮನ ಗಟ್ಟಿ ಕಂಠ. "ನೀವು ಆಸ್ಪತ್ರಿಗಿ ಹೊಂಟ ಅರ್ಧ ತಾಸಿಗಿ ಮನಿ ಮುಟ್ಟೀನಿ. ಆಬಿದಾಬಾಯಿ ಕೀಲಿ ಕೊಟ್ಟಳು. ರೊಟ್ಟಿ ಬಡೀಲತ್ತೀನಿ. ಇಷ್ಟು ಶುಂಠಿ ಯಾಕ ತಂದೀರಿ?"

ಭೀಮಾಶಂಕರ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. "ನೀ ಯಾವಾಗ ಕರದಿ?"

"ಶುಕ್ರವಾರ."

"ಶುಕ್ರವಾರ? ಅವತ್ತು ನಂಬರ್ ಇಳದಿತ್ತಲ್ಲ!"

"ಯಾಕ ಇಳೀತು ಅಂತ ನಂಗ ಅವತ್ತೇ ಗೊತ್ತಾಗಿತ್ತಲ್ರೀ" ಎಂದಳು ಕಾವೇರಿ. ಅವನ ಮುಖ ನೋಡಿದಳು. ನೋಡಿದ್ದೇ ತಪ್ಪಾಯಿತು. ತುಟಿ ಬಿಗಿದಳು, ತಡೆಯಲಾಗಲಿಲ್ಲ, ಫಕ್ಕನೆ ನಗು ಒಡೆದೇಹೋಯಿತು. ದಿಂಬು ಡಾಕ್ಟರ ಕೋಣೆಯಲ್ಲೇ ಉಳಿದಿತ್ತು. ಭೀಮಾಶಂಕರ ಒಂದೇ ಹೆಜ್ಜೆಗೆ ಬಂದು ತನ್ನ ಎರಡೂ ಅಂಗೈಗಳನ್ನು ಅವಳ ಹೊಟ್ಟೆಯ ಮೇಲೆ ಒತ್ತಿ ಹಿಡಿದ. ಅವಳು ಅವನ ಭುಜಕ್ಕೆ ಹಣೆ ಊರಿ, ಆಪರೇಷನ್ ಆದ ಮೇಲೆ ಮೊದಲ ಸಲ ಅವನ ಎದುರಿಗೇ, ಕಣ್ಣೀರು ಸುರಿಯುವವರೆಗೆ ನಕ್ಕಳು. ಬೆಂಚಿನ ಹೆಂಗಸರೆಲ್ಲ ಅವಳ ಜೊತೆ ನಗುತ್ತಿದ್ದರು. ಅವರಿಗೂ ಆ ಒಂದು ಗಂಟೆಯಲ್ಲಿ ಎಲ್ಲ ಗೊತ್ತಾಗಿತ್ತು.

"ಎಷ್ಟು?" ಎಂದ ಭೀಮಾಶಂಕರ.

"ನಾಕು. ಇರ್ಲಿ ಬಿಡ್ರಿ, ನಾಕಿದ್ರೂ ಚಲೋ ಅದ."

ಅವನು ಕಿಸೆಯಿಂದ ಪೆನ್ನು ತೆಗೆದು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬರೆದ. ಸಮಯ ಹನ್ನೆರಡು ಹತ್ತು. ಕ್ರಿಯೆ: ನಗು. ನೋವು ನಾಲ್ಕು. ಕಾರಣದ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದು, ಪಕ್ಕದಲ್ಲಿ ಸಹಿಯನ್ನೂ ಹಾಕಿದ.